ಮಳೆ 240 ಮಿ.ಮೀ., ಆದರೂ ಕಾಡು: ಯಾಕುಟ್ಸ್ಕ್ ನೆಲದಡಿಯ ಐಸ್ ಮಾಡುವ ಕೆಲಸ

ಪ್ರಶ್ನೆ: ನಾನು ಚಳ್ಳಕೆರೆ ಕಡೆಯವನು. ಸೈಬೀರಿಯಾದ ಯಾಕುಟ್ಸ್ಕ್ ಎಂಬ ಊರಿನ ವಿಡಿಯೊ ನೋಡಿದೆ. ಅಲ್ಲಿ ಮಳೆ, ಹಿಮ ಎಲ್ಲ ಸೇರಿ ವರ್ಷಕ್ಕೆ 240 ಮಿ.ಮೀ. ಅಷ್ಟೇ ಅಂತೆ. ನಮ್ಮಲ್ಲಿ ಅದಕ್ಕಿಂತ ಜಾಸ್ತಿ ಬೀಳುತ್ತದೆ, ಆದರೂ ಕುರುಚಲು ಗಿಡವೇ ಹೆಚ್ಚು. ಅಲ್ಲಿ ನೋಡಿದರೆ ಕಣ್ಣು ಹಾಯಿಸಿದಷ್ಟೂ ಕಾಡು, ಎಲ್ಲೆಲ್ಲೂ ಕೆರೆ. ಇದು ಹೇಗೆ ಸಾಧ್ಯ? ಭೂಮಿ ಬಿಸಿಯಾಗಿ ಅಲ್ಲಿನ ಐಸ್ ಕರಗಿದರೆ ಇನ್ನೂ ಹಸಿರಾಗುತ್ತದೆ, ಅಲ್ವಾ? ಅಷ್ಟು ನೀರಿದ್ದ ಮೇಲೆ ಅವರು ಬೋರ್‌ವೆಲ್ ಯಾಕೆ ಕೊರೆಸುವುದಿಲ್ಲ?

ಉತ್ತರ: ಸೈಬೀರಿಯಾ ಅಂದ ಕೂಡಲೇ ಎಲ್ಲರೂ ಚಳಿಯ ಬಗ್ಗೆ ಕೇಳುತ್ತಾರೆ. ನೀವು ನೀರಿನ ಬಗ್ಗೆ ಕೇಳಿದ್ದೀರಿ. ಮಳೆಗಾಗಿ ಮುಗಿಲು ನೋಡುತ್ತಾ ಬೆಳೆದವರಿಗೆ ಹೊಳೆಯುವ ಪ್ರಶ್ನೆ ಇದು. ನನಗೆ ಬಹಳ ಇಷ್ಟವಾಯಿತು.

ಒಂದೇ ಮಾತಿನಲ್ಲಿ ಹೇಳಬೇಕೆಂದರೆ, ಆ ಕಾಡನ್ನು ಸಾಕುತ್ತಿರುವುದು ನೆಲದಡಿಯ ಐಸ್. ಅದು ಕರಗಿದರೆ ಕಾಡಿಗೆ ಲಾಭವಿಲ್ಲ, ಕುತ್ತು ಬರುತ್ತದೆ. ಇದನ್ನು ನಿಧಾನವಾಗಿ ಬಿಡಿಸಿ ಹೇಳುತ್ತೇನೆ.

ಮೊದಲು ಊರಿನ ಪರಿಚಯ. ಯಾಕುಟ್ಸ್ಕ್ ಇರುವುದು ರಷ್ಯಾದ ಸಖಾ ಗಣರಾಜ್ಯದಲ್ಲಿ, ಲೀನಾ ನದಿಯ ಎಡದಂಡೆಯಲ್ಲಿ. ಈ ಗಣರಾಜ್ಯದ ವಿಸ್ತಾರ ಸುಮಾರು 31 ಲಕ್ಷ ಚದರ ಕಿ.ಮೀ. ಇಡೀ ಭಾರತಕ್ಕಿಂತ ಸ್ವಲ್ಪವೇ ಚಿಕ್ಕದು. ಆದರೆ ಜನ ಸುಮಾರು 10 ಲಕ್ಷ ಮಾತ್ರ. ಊರಿನಲ್ಲಿ ಜನವರಿಯ ಸರಾಸರಿ ತಾಪಮಾನ ಮೈನಸ್ 38 ಡಿಗ್ರಿಯ ಆಸುಪಾಸು. ಜುಲೈನಲ್ಲಿ ಅದೇ ಸರಾಸರಿ 19-20 ಡಿಗ್ರಿಗೆ ಏರುತ್ತದೆ. ಉತ್ತರಕ್ಕಿರುವ ವೆರ್ಖೊಯಾನ್ಸ್ಕ್ ಊರಿನ ಕಥೆ ಇನ್ನೂ ವಿಚಿತ್ರ. ಅಲ್ಲಿ 1892ರಲ್ಲಿ ಮೈನಸ್ 67.8 ಡಿಗ್ರಿ ದಾಖಲಾಗಿತ್ತು. 2020ರ ಜೂನ್‌ನಲ್ಲಿ ಅದೇ ಊರಲ್ಲಿ 38 ಡಿಗ್ರಿ ಬಿಸಿಲು! ಅಂದರೆ ಅಲ್ಲಿನ ಬೇಸಿಗೆ ಚಿಕ್ಕದಾದರೂ ಬೇಸಿಗೆಯೇ. ಜೂನ್‌ನಲ್ಲಿ ಯಾಕುಟ್ಸ್ಕ್‌ನಲ್ಲಿ ದಿನಕ್ಕೆ 20 ಗಂಟೆಯ ಹತ್ತಿರ ಸೂರ್ಯನಿರುತ್ತಾನೆ. ಅಷ್ಟು ಬಿಸಿಲಿನಲ್ಲಿ 240 ಮಿ.ಮೀ. ನೀರು ಯಾವ ಮೂಲೆಗೆ ಸಾಕಾಗುತ್ತದೆ? ನಿಮ್ಮ ಅನುಮಾನ ಸರಿಯಾದ ಜಾಗದಲ್ಲೇ ಇದೆ.

ಚಳಿಯಿಂದಾಗಿ ನೀರು ಆವಿಯಾಗುವುದು ಕಡಿಮೆ ಎಂದು ಕೆಲವರು ಉತ್ತರ ಕೊಡುತ್ತಾರೆ. ಅದು ಅರ್ಧ ನಿಜ. ವರ್ಷದಲ್ಲಿ ಸುಮಾರು ಏಳು ತಿಂಗಳು ಹಿಮ ಹಾಗೇ ಕೂತಿರುತ್ತದೆ, ಆ ನೀರು ವಸಂತದವರೆಗೆ ಉಳಿತಾಯವಾಗುತ್ತದೆ. ಆದರೆ ಬೇಸಿಗೆ ಬಂದ ಮೇಲೆ ಲೆಕ್ಕ ಉಲ್ಟಾ ಆಗುತ್ತದೆ. ಬಿಸಿಲು ಎಳೆದುಕೊಳ್ಳಬಲ್ಲ ನೀರು ಬೀಳುವ ಮಳೆಗಿಂತ ಜಾಸ್ತಿ. ಬರೀ ಮಳೆಯನ್ನು ನಂಬಿದ್ದರೆ ಅಲ್ಲಿ ಹುಲ್ಲುಗಾವಲೋ ಅರೆಮರುಭೂಮಿಯೋ ಇರಬೇಕಿತ್ತು. ವೋಲ್ಗಾ ನದಿಯ ಮುಖಜಭೂಮಿಯ ಅಸ್ತ್ರಖಾನ್ ಸುತ್ತ ಬೀಳುವ ಮಳೆಯೂ ಹೆಚ್ಚುಕಮ್ಮಿ ಇಷ್ಟೇ. ನದಿ ಬಿಟ್ಟು ಸ್ವಲ್ಪ ಆಚೆ ಹೋದರೆ ಅಲ್ಲಿ ಒಂದು ಮರ ಸಿಗುವುದಿಲ್ಲ.

ಹಾಗಾದರೆ ಯಾಕುಟ್ಸ್ಕ್‌ನಲ್ಲಿ ಇರುವ ವ್ಯತ್ಯಾಸವೇನು? ನೆಲದ ಅಡಿ.

ನಮ್ಮ ಕಡೆ ಮಳೆ ಬಿದ್ದರೆ ನೀರು ಮೂರು ದಾರಿ ಹಿಡಿಯುತ್ತದೆ. ಹರಿದುಹೋಗುತ್ತದೆ, ಆವಿಯಾಗುತ್ತದೆ, ಇಲ್ಲವೇ ಆಳಕ್ಕೆ ಇಂಗುತ್ತದೆ. ಯಾಕುಟ್ಸ್ಕ್‌ನಲ್ಲಿ ಮೂರನೆಯ ದಾರಿ ಮುಚ್ಚಿದೆ. ಬೇಸಿಗೆಯಲ್ಲಿ ಮೇಲಿನ ಒಂದೆರಡು ಮೀಟರ್ ಮಣ್ಣು ಮಾತ್ರ ಕರಗುತ್ತದೆ. ದಟ್ಟ ಕಾಡಿನಡಿ ಒಂದು ಮೀಟರ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅದರ ಕೆಳಗೆ ಕಲ್ಲಿನಂತೆ ಗಟ್ಟಿಯಾದ ನೆಲ. ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಸೊನ್ನೆ ಡಿಗ್ರಿಗಿಂತ ಮೇಲೆ ಬಾರದ ನೆಲಕ್ಕೆ ಪರ್ಮಾಫ್ರಾಸ್ಟ್ ಎನ್ನುತ್ತಾರೆ. ನಾನು ಸುಲಭಕ್ಕೆ ಹೆಪ್ಪುನೆಲ ಎನ್ನುತ್ತೇನೆ. ಹೆಸರಿಗೆ ಎರಡು ವರ್ಷ ಸಾಕು, ಆದರೆ ಇಲ್ಲಿಯ ಹೆಪ್ಪುನೆಲಕ್ಕೆ ಸಾವಿರಾರು, ಕೆಲವು ಕಡೆ ಲಕ್ಷಾಂತರ ವರ್ಷ ವಯಸ್ಸಾಗಿದೆ.

ಕೆರೆ ನೀರು ಹಿಡಿದಿಡುವುದು ಹೇಗೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ತಳದಲ್ಲಿ ಕೂತ ಜೇಡಿಮಣ್ಣು ನೀರು ಇಂಗದಂತೆ ತಡೆಯುತ್ತದೆ. ಹೂಳೆತ್ತುವಾಗ ಆ ಪದರವನ್ನೂ ಕಿತ್ತರೆ ಕೆರೆ ಸೋರತೊಡಗುತ್ತದೆ. ಹೆಪ್ಪುನೆಲ ಮಾಡುವುದೂ ಇದೇ ಕೆಲಸ. ವ್ಯತ್ಯಾಸ ಒಂದೇ, ಇಲ್ಲಿ ಇಡೀ ನಾಡೇ ಒಂದು ಕೆರೆ, ಅದರ ತಳ ಐಸ್. ಬಿದ್ದ ಅಷ್ಟಿಷ್ಟು ನೀರೂ ಬೇರಿಗೆ ಸಿಗುವಷ್ಟು ಮೇಲೆಯೇ ಉಳಿಯುತ್ತದೆ. ತಗ್ಗಿದ್ದ ಕಡೆ ನಿಂತು ಕೆರೆಯಾಗುತ್ತದೆ, ಜೌಗಾಗುತ್ತದೆ. ಅಲ್ಲಿಯ ಸೊಳ್ಳೆ ಕಾಟಕ್ಕೂ ಈ ನಿಂತ ನೀರೇ ಕಾರಣ.

ಮನೆಯಲ್ಲೇ ಮಾಡಿ ನೋಡಬಹುದು. ಒಂದು ಪ್ಲಾಸ್ಟಿಕ್ ಡಬ್ಬಿಯ ತಳದಲ್ಲಿ ನಾಲ್ಕೈದು ತೂತು ಮಾಡಿ, ಒದ್ದೆ ಮಣ್ಣು ತುಂಬಿ ಫ್ರೀಜರ್‌ನಲ್ಲಿ ಒಂದು ರಾತ್ರಿ ಇಡಿ. ಬೆಳಿಗ್ಗೆ ತೆಗೆದು, ಮೇಲ್ಭಾಗಕ್ಕೆ ಮಾತ್ರ ಬಿಸಿಲು ತಾಗುವಂತೆ ಸುತ್ತ ಬಟ್ಟೆ ಸುತ್ತಿಡಿ. ಒಂದು ಬೆರಳು ದಪ್ಪ ಕರಗಿದಾಗ ಸ್ವಲ್ಪ ನೀರು ಹಾಕಿ. ತಳದಿಂದ ತೊಟ್ಟಿಕ್ಕುವುದಿಲ್ಲ, ಮೇಲೆ ಕೆಸರಾಗುತ್ತದೆ. ಇದನ್ನೇ ಒಣ ಮರಳಿನಲ್ಲಿ ಮಾಡಿದರೆ ನೀರು ನಿಲ್ಲದೆ ಇಳಿದುಹೋಗುತ್ತದೆ. ನೆಲ ತಣ್ಣಗಿದ್ದರೆ ಸಾಲದು, ಮಣ್ಣಿನ ಸಂದುಗಳಲ್ಲಿ ಐಸ್ ತುಂಬಿರಬೇಕು. ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಇನ್ನೊಂದು ಸ್ವಾರಸ್ಯ ಇದೆ. ಹೆಪ್ಪುನೆಲ ಇಷ್ಟು ಆಳಕ್ಕೆ ಇಳಿಯಲು ಕಾರಣ ಆ ನಾಡಿನ ಬರವೇ. ಹಿಮಯುಗದಲ್ಲಿ ಸ್ವೀಡನ್, ಕೆನಡಾ ಕಡೆ ಹಿಮ ಬಿದ್ದು ಬಿದ್ದು ಕಿಲೋಮೀಟರ್‌ಗಟ್ಟಲೆ ದಪ್ಪದ ಐಸ್ ಹೊದಿಕೆ ಬೆಳೆಯಿತು. ಹೊದಿಕೆ ಅಂದರೆ ಹೊದಿಕೆಯೇ. ಅದರ ಕೆಳಗಿದ್ದ ನೆಲಕ್ಕೆ ಗಾಳಿಯ ಚಳಿ ನೇರವಾಗಿ ತಾಗಲಿಲ್ಲ. ಯಾಕುಟ್ಸ್ಕ್‌ನ ಬಯಲು ಸಮುದ್ರಗಳಿಂದ ಬಹಳ ದೂರ. ಅಷ್ಟು ಹಿಮ ಬೀಳಲು ಮೋಡದಲ್ಲಿ ನೀರೇ ಇರಲಿಲ್ಲ. ಐಸ್ ಹೊದಿಕೆ ಬೆಳೆಯಲಿಲ್ಲ. ಬರಿಮೈಯ ನೆಲ ಹತ್ತಾರು ಸಾವಿರ ವರ್ಷ ಚಳಿಗೆ ಒಡ್ಡಿಕೊಂಡು ಆಳ ಆಳಕ್ಕೆ ಹೆಪ್ಪುಗಟ್ಟಿತು. ಈಗಲೂ ಚಳಿಗಾಲದ ಹಿಮ ಅಲ್ಲಿ ಮೊಣಕಾಲು ಮಟ್ಟವೂ ಬರುವುದು ಕಷ್ಟ. ಹಾಗಾಗಿ ಚಳಿ ನೆಲಕ್ಕೆ ಇಳಿಯುತ್ತಲೇ ಇರುತ್ತದೆ. ಊರಿನ ಸುತ್ತ ಹೆಪ್ಪುನೆಲದ ದಪ್ಪ 200-300 ಮೀಟರ್ ದಾಟುತ್ತದೆ. ಪಶ್ಚಿಮಕ್ಕೆ ವಿಲ್ಯುಯಿ ನದಿಯ ಸೀಮೆಯಲ್ಲಿ ಸುಮಾರು 1,500 ಮೀಟರ್‌ವರೆಗೂ ಅಳೆದಿದ್ದಾರೆ. ಮಳೆ ಕಡಿಮೆಯಾದದ್ದರಿಂದ ಐಸ್ ತಳ ಬಂತು. ಆ ತಳವೇ ಈಗ ಕಡಿಮೆ ಮಳೆಯನ್ನು ಕಾಪಾಡುತ್ತಿದೆ. ಇದನ್ನು ಮೊದಲ ಸಲ ಅರ್ಥ ಮಾಡಿಕೊಂಡಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಇಂಥ ನೆಲಕ್ಕೆ ಹೊಂದಿಕೊಂಡ ಮರ ಲಾರ್ಚ್. ಪೈನ್, ಸ್ಪ್ರೂಸ್‌ಗಳ ನೆಂಟ. ಸೂಜಿಯಂಥ ಎಲೆ. ಆದರೆ ನೆಂಟರು ವರ್ಷವಿಡೀ ಹಸಿರಾಗಿದ್ದರೆ, ಲಾರ್ಚ್ ಸೆಪ್ಟೆಂಬರ್‌ನಲ್ಲಿ ಬಂಗಾರದ ಬಣ್ಣಕ್ಕೆ ತಿರುಗಿ ಎಲೆ ಉದುರಿಸುತ್ತದೆ. ನಮ್ಮ ಬಯಲುಸೀಮೆಯ ಮರಗಳು ಬೇಸಿಗೆಯಲ್ಲಿ ಎಲೆ ಉದುರಿಸುವುದೂ, ಲಾರ್ಚ್ ಚಳಿಗಾಲದಲ್ಲಿ ಉದುರಿಸುವುದೂ ಒಂದೇ ಕಾರಣಕ್ಕೆ, ನೀರಿಲ್ಲ. ಬೇರಿನ ಸುತ್ತ ಎಲ್ಲ ಹೆಪ್ಪುಗಟ್ಟಿದಾಗ ಒಂದು ಹನಿಯೂ ಮೇಲೇರುವುದಿಲ್ಲ. ಎಲೆ ಇಟ್ಟುಕೊಂಡರೆ ಒಣಗಾಳಿ ಮರದೊಳಗಿನ ನೀರನ್ನೂ ಹೀರಿಬಿಡುತ್ತದೆ. ಲಾರ್ಚ್‌ಗೆ ಆಳದ ತಾಯಿಬೇರು ಇಟ್ಟು ಪ್ರಯೋಜನವಿಲ್ಲ, ಕೆಳಗೆ ಐಸ್ ಇದೆ. ಅದರ ಬೇರು ತಟ್ಟೆಯಂತೆ ಅಡ್ಡಡ್ಡ ಹರಡುತ್ತದೆ.

ಯಾಕುಟ್ಸ್ಕ್ ಬಳಿ ಸ್ಪಾಸ್ಕಾಯಾ ಪಾದ್ ಎಂಬ ಸಂಶೋಧನಾ ಕಾಡಿದೆ. ಜಪಾನ್ ಮತ್ತು ರಷ್ಯಾದ ವಿಜ್ಞಾನಿಗಳು ಅಲ್ಲಿ ವರ್ಷಗಟ್ಟಲೆ ಒಟ್ಟಿಗೆ ದುಡಿದಿದ್ದಾರೆ. ಲಾರ್ಚ್ ಕುಡಿಯುವ ನೀರು ಯಾವುದು ಎಂದು ಅವರು ಪತ್ತೆ ಹಚ್ಚಿದರು. ಬೇಸಿಗೆಯ ಮಳೆನೀರಿಗೂ ಕರಗಿದ ಐಸ್ ನೀರಿಗೂ ಆಮ್ಲಜನಕ, ಜಲಜನಕಗಳ ಐಸೊಟೋಪ್ (ಒಂದೇ ಧಾತುವಿನ ಹಗುರ, ಭಾರದ ರೂಪಗಳು) ಪ್ರಮಾಣದಲ್ಲಿ ಸಣ್ಣ ವ್ಯತ್ಯಾಸ ಇರುತ್ತದೆ. ಮರದೊಳಗಿನ ನೀರಲ್ಲಿ ಆ ಗುರುತು ಹುಡುಕಬಹುದು. ಮಳೆ ಚೆನ್ನಾಗಿದ್ದ ಬೇಸಿಗೆಯಲ್ಲಿ ಲಾರ್ಚ್ ಆ ವರ್ಷದ ಮಳೆನೀರನ್ನೇ ಕುಡಿಯುತ್ತಿತ್ತು. ಬರದ ಬೇಸಿಗೆಯಲ್ಲಿ ಕೆಳಗಿನಿಂದ ಕರಗಿ ಬಂದ ಹಳೆಯ ನೀರನ್ನು ಕುಡಿಯುತ್ತಿತ್ತು. ಹಿಂದಿನ ವರ್ಷ ಇಂಗಿದ ಮಳೆ ಚಳಿಗಾಲದಲ್ಲಿ ಮಣ್ಣಿನಲ್ಲೇ ಹೆಪ್ಪುಗಟ್ಟಿ, ಮುಂದಿನ ಬೇಸಿಗೆಗೆ ನಿಧಾನವಾಗಿ ಕರಗಿ ಬೇರಿಗೆ ಸಿಗುತ್ತದೆ. ಹೆಪ್ಪುನೆಲ ತಡೆಗೋಡೆ ಆಗಿರುವ ಜೊತೆಗೆ ಕಣಜವೂ ಹೌದು. ಒಳ್ಳೆಯ ವರ್ಷದ ಕಾಳನ್ನು ಕೆಟ್ಟ ವರ್ಷಕ್ಕೆ ಕೂಡಿಡುವ ಹಗೇವು.

ಕಾಡೂ ತನ್ನ ಪಾಲಿನ ಕೆಲಸ ಮಾಡುತ್ತದೆ. ನೆರಳು ಕೊಡುತ್ತದೆ. ಕೆಳಗೆ ಪಾಚಿಯೂ ಉದುರಿದ ಎಲೆಗಳೂ ದಪ್ಪಗೆ ಹಾಸಿಕೊಂಡು ಬಿಸಿಲಿನ ಕಾವು ಐಸ್‌ಗೆ ತಾಗದಂತೆ ತಡೆಯುತ್ತವೆ. ಇಬ್ಬರೂ ಒಬ್ಬರನ್ನೊಬ್ಬರು ಕಾಯ್ದುಕೊಂಡಿದ್ದಾರೆ.

ಈ ಮಾತಿಗೆ ಸಾಕ್ಷಿ ಬೇಕೆಂದರೆ ಲೀನಾ ಕಣಿವೆಯ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರುಗಳನ್ನು ನೋಡಿ. ಅಲ್ಲಿ ಬಿಸಿಲು ನೇರ ಬೀಳುತ್ತದೆ, ನೆಲ ಹೆಚ್ಚು ಆಳಕ್ಕೆ ಕರಗುತ್ತದೆ, ನೀರು ಇಳಿದುಹೋಗುತ್ತದೆ. ಮಳೆ ಅಷ್ಟೇ, ಊರೂ ಅದೇ. ಆದರೆ ಅಲ್ಲಿ ಕಾಡಿಲ್ಲ. ಒಣಹುಲ್ಲು, ಮಾಚಿಪತ್ರೆಯ ಜಾತಿಯ ಗಿಡಗಳು, ಬಿಲ ತೋಡುವ ನೆಲ ಅಳಿಲುಗಳು. ನಿಮ್ಮ ಕಡೆಯ ಕಾವಲು ನೆನಪಾಗಬಹುದು. 240 ಮಿ.ಮೀ. ಮಳೆಗೆ ಐಸ್‌ನ ಆಸರೆ ತಪ್ಪಿದರೆ ಏನಾಗುತ್ತದೆ ಎಂದು ಆ ಇಳಿಜಾರುಗಳು ತೋರಿಸುತ್ತಿವೆ.

ಈಗ ಎರಡನೆಯ ಪ್ರಶ್ನೆ. ಐಸ್ ಕರಗಿದರೆ ಏನಾಗುತ್ತದೆ?

ಇದಕ್ಕೆ ನೆಲದಡಿ ಎಷ್ಟು ಐಸ್ ಇದೆ ಎಂದು ತಿಳಿಯಬೇಕು. ಐಸ್ ಬರೀ ಸಂದುಗಳಲ್ಲಿ ಇಲ್ಲ. ಕಡುಚಳಿಗೆ ನೆಲ ಕುಗ್ಗಿ ಬಿರುಕು ಬಿಡುತ್ತದೆ, ಬೇಸಿಗೆಯಲ್ಲಿ ನಮ್ಮ ಎರೆಭೂಮಿ ಬಿರುಕು ಬಿಟ್ಟ ಹಾಗೆ. ವಸಂತದಲ್ಲಿ ಹಿಮ ಕರಗಿದ ನೀರು ಆ ಬಿರುಕಿಗೆ ಇಳಿದು ಗಟ್ಟಿಯಾಗುತ್ತದೆ. ಮುಂದಿನ ವರ್ಷ ಅದೇ ಜಾಗ ಮತ್ತೆ ಬಿರಿಯುತ್ತದೆ, ಮತ್ತೆ ನೀರು. ಸಾವಿರಾರು ವರ್ಷದಲ್ಲಿ ಅದು ನೆಲಕ್ಕೆ ಹೊಡೆದ ಐಸ್ ಬೆಣೆಯಾಗುತ್ತದೆ. ಕೆಲವು ಬೆಣೆಗಳ ಎತ್ತರ ಹತ್ತಾರು ಮೀಟರ್. ಇಂಥ ಬೆಣೆಗಳಿಂದ ತುಂಬಿದ ಹಿಮಯುಗದ ನುಣ್ಣನೆಯ ಮಣ್ಣಿಗೆ ಯೆಡೋಮಾ ಎಂದು ಹೆಸರು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಐಸೇ ಇರಬಹುದು. ನೆಲ ಅಂದುಕೊಂಡು ನಿಂತಿರುತ್ತೀರಿ, ಕಾಲಡಿ ಇರುವುದು ಮಣ್ಣು ಮೆತ್ತಿದ ಐಸ್.

ಕಾಡು ಕಡಿದರೆ, ಬೆಂಕಿ ಬಿದ್ದರೆ, ಇಲ್ಲವೇ ಹವೆ ಬಿಸಿಯಾದರೆ ಬೆಣೆಗಳು ಮೇಲಿನಿಂದ ಕರಗುತ್ತವೆ. ಅವಿದ್ದ ಜಾಗ ಕುಸಿಯುತ್ತದೆ, ನಡುವಿನ ಮಣ್ಣು ದಿಬ್ಬವಾಗಿ ಉಳಿಯುತ್ತದೆ. ಗುಂಡಿಗಳಲ್ಲಿ ನೀರು ನಿಲ್ಲುತ್ತದೆ. ನಿಂತ ನೀರು ಬಿಸಿಲಿನ ಶಾಖ ಹಿಡಿದು ಇನ್ನಷ್ಟು ಐಸ್ ಕರಗಿಸುತ್ತದೆ. ಕೊನೆಗೆ ದೊಡ್ಡ ಕೆರೆ. ಕಾಲ ಕಳೆದಂತೆ ಆ ಕೆರೆ ಬತ್ತಿ, ಕಾಡಿನ ನಡುವೆ ಬೋಗುಣಿಯಂಥ ಹುಲ್ಲುಗಾವಲು ಉಳಿಯುತ್ತದೆ. ಸಖಾ ಜನ ಇದನ್ನು ಅಲಾಸ್ ಎನ್ನುತ್ತಾರೆ. ಅವರ ಭಾಷೆಯಿಂದಲೇ ವಿಜ್ಞಾನಿಗಳು ಈ ಪದವನ್ನು ತೆಗೆದುಕೊಂಡರು. ಲೀನಾ ನದಿಯ ಪೂರ್ವಕ್ಕೆ ಇಂಥ ಅಲಾಸ್‌ಗಳು ಸಾವಿರಾರು. ಬಹುಪಾಲು ಹಿಮಯುಗ ಮುಗಿದು ಭೂಮಿ ಬೆಚ್ಚಗಾದಾಗ, ಸುಮಾರು 10,000 ವರ್ಷಗಳ ಹಿಂದಿನಿಂದ ಹುಟ್ಟಿಕೊಂಡವು.

ಸಖಾ ಜನರ ಬದುಕು ನಿಂತಿರುವುದು ಈ ಅಲಾಸ್‌ಗಳ ಮೇಲೆ. ಅವರದು ತುರ್ಕಿ ಕುಟುಂಬದ ಭಾಷೆ, ಕಸುಬು ಕುದುರೆ ಮತ್ತು ದನ. ಜುಲೈನಲ್ಲಿ ಅಲಾಸ್‌ಗಳಲ್ಲಿ ಹುಲ್ಲು ಕೊಯ್ದು ಬಣವೆ ಹಾಕುತ್ತಾರೆ. ದನಗಳಿಗೆ ಉದ್ದನೆಯ ಚಳಿಗಾಲಕ್ಕೆ ಅದೇ ಆಧಾರ. ಗಿಡ್ಡ ಕಾಲಿನ, ದಪ್ಪ ಕೂದಲಿನ ಸಖಾ ಕುದುರೆಗಳು ಮಾತ್ರ ಮೈನಸ್ 50ರಲ್ಲೂ ಹೊರಗೇ ಇದ್ದು, ಗೊರಸಿನಿಂದ ಹಿಮ ಕೆದರಿ ಕೆಳಗಿನ ಹುಲ್ಲು ತಿನ್ನುತ್ತವೆ.

ನೋಡಿ, ಕರಗಿದ್ದರಿಂದಲೇ ಹುಲ್ಲುಗಾವಲು ಬಂತಲ್ಲ, ಒಳ್ಳೆಯದೇ ಆಯಿತಲ್ಲ ಎಂದು ನೀವು ಕೇಳಬಹುದು. ಆದರೆ ಆ ಹುಲ್ಲುಗಾವಲು ಬರಲು ಸಾವಿರಾರು ವರ್ಷ ಹಿಡಿಯಿತು. ಸುತ್ತಲಿನ ಕಾಡೂ ಹೆಪ್ಪುನೆಲವೂ ಉಳಿದಿದ್ದವು. ಇನ್ನೊಂದು, ಅಲಾಸ್ ಕೆರೆಗಳಿಗೆ ಹೊರದಾರಿ ಇಲ್ಲ. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಎಷ್ಟೋ ಅಲಾಸ್‌ಗಳ ಅಂಚಿನಲ್ಲಿ ಬಿಳಿ ಉಪ್ಪು ಮೇಲೆದ್ದಿರುತ್ತದೆ, ನಮ್ಮ ಚೌಳು ನೆಲದ ಥರವೇ. ಅಲ್ಲಿ ಉಪ್ಪು ತಡೆಯುವ ಹುಲ್ಲು ಬಿಟ್ಟು ಬೇರೆ ಬೆಳೆಯುವುದಿಲ್ಲ. ಐಸ್ ಕರಗಿದ ಜಾಗವೆಲ್ಲ ಹೊಲವಾಗುತ್ತದೆ ಎನ್ನುವವರು ಈ ಚೌಳನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ.

ಈಗಿನ ವೇಗ ಬೇರೆ. ಕಳೆದ 50 ವರ್ಷಗಳಲ್ಲಿ ಯಾಕುಟ್ಸ್ಕ್‌ನ ಸರಾಸರಿ ತಾಪಮಾನ 2 ಡಿಗ್ರಿಗೂ ಹೆಚ್ಚು ಏರಿದೆ. ಚುರಾಪ್ಚಾ ಎಂಬ ಊರಿನ ಸುತ್ತ ಒಂದು ಕಾಲಕ್ಕೆ ಕಾಡು ತೆಗೆದು ಉಳುತ್ತಿದ್ದ ನೆಲ, ಹಳೆಯ ವಿಮಾನದ ಬಯಲು, ಎಲ್ಲ ಗುಂಡಿ-ದಿಬ್ಬವಾಗಿವೆ. ಅಲ್ಲಿ ಯಂತ್ರದಿಂದ ಹುಲ್ಲು ಕೊಯ್ಯುವುದೂ ಕಷ್ಟ. ಬಟಗಾಯ್ ಎಂಬಲ್ಲಿ 1960ರ ದಶಕದಲ್ಲಿ ಕಾಡು ಕಡಿದ ಇಳಿಜಾರು ಕುಸಿಯತೊಡಗಿ, ಈಗ ಸುಮಾರು ಒಂದು ಕಿ.ಮೀ. ಉದ್ದದ ಹಳ್ಳವಾಗಿದೆ. ಪ್ರತಿ ಬೇಸಿಗೆ ಅದರ ಗೋಡೆ ಕರಗಿ ಹಿಂದೆ ಸರಿಯುತ್ತಲೇ ಇದೆ.

ಕಾಡಿನ ಮಟ್ಟಿಗೆ ಅಪಾಯ ಎರಡು ಹಂತದಲ್ಲಿ ಬರುತ್ತದೆ. ಮೊದಲು ನೀರು ಜಾಸ್ತಿಯಾಗುತ್ತದೆ. 2005ರಿಂದ 2008ರವರೆಗೆ ಮಳೆ-ಹಿಮ ವಾಡಿಕೆ ಮೀರಿದಾಗ, ನೆಲ ಆಳಕ್ಕೆ ಕರಗಿತು, ಕರಗಿದ ನೀರಿಗೆ ಇಳಿಯಲು ದಾರಿಯಿಲ್ಲದೆ ಬೇರಿನ ಸುತ್ತ ನಿಂತಿತು. ಉಸಿರು ಕಟ್ಟಿ ಲಾರ್ಚ್‌ಗಳು ನಿಂತಲ್ಲೇ ಒಣಗಿದವು. ಬರ ತಡೆದುಕೊಂಡ ಮರ ನೀರಲ್ಲಿ ಸತ್ತಿತು! ಎರಡನೆಯ ಹಂತ ಇದಕ್ಕೆ ವಿರುದ್ಧ. ಐಸ್ ತಳ ಬೇರಿನ ಕೈಗೆಟುಕದಷ್ಟು ಆಳಕ್ಕೆ ಇಳಿದ ಕಡೆ, ಬಿದ್ದ ನೀರೂ ಅದರ ಹಿಂದೆಯೇ ಇಳಿದುಹೋಗುತ್ತದೆ. ಆಗ ಕಾಡಿಗೆ ಉಳಿಯುವುದು ಬರೀ 240 ಮಿ.ಮೀ. ಆ ದಕ್ಷಿಣದ ಇಳಿಜಾರಿನ ಒಣಹುಲ್ಲು ಕೆಳಗಿನ ಬಯಲಿಗೂ ಬರಬಹುದು ಎಂಬುದೇ ನನ್ನ ಚಿಂತೆ. ಒಣಗಿದ ಕಾಡಿಗೆ ಬೆಂಕಿ ಬೇಗ ಹಿಡಿಯುತ್ತದೆ. ಸಖಾ ಗಣರಾಜ್ಯದಲ್ಲಿ 2021ರ ಒಂದೇ ಬೇಸಿಗೆಯಲ್ಲಿ 80 ಲಕ್ಷ ಹೆಕ್ಟೇರ್‌ಗೂ ಹೆಚ್ಚು ಸುಟ್ಟಿತು. ಬೆಂಕಿ ಪಾಚಿಯ ಹಾಸನ್ನು ಸುಟ್ಟರೆ ಐಸ್‌ನ ಕಂಬಳಿ ಹೋದಂತೆ.

ಇದು ಅಲ್ಲಿಗೇ ನಿಲ್ಲುವುದಿಲ್ಲ. ಉತ್ತರದ ಹೆಪ್ಪುನೆಲಗಳಲ್ಲಿ ಕೊಳೆಯದೆ ಉಳಿದ ಬೇರು, ಎಲೆ, ಪ್ರಾಣಿಗಳ ಅವಶೇಷ ಅಪಾರ. ಅದರಲ್ಲಿರುವ ಇಂಗಾಲ ಇಡೀ ವಾತಾವರಣದಲ್ಲಿ ಇರುವುದರ ಎರಡರಷ್ಟರ ಹತ್ತಿರ ಎಂದು ಅಂದಾಜು. ಕರಗಿದಷ್ಟೂ ಕೊಳೆಯುತ್ತದೆ, ಕೊಳೆತಷ್ಟೂ ಗಾಳಿಗೆ ಸೇರುತ್ತದೆ.

ಕೊನೆಗೆ ಬೋರ್‌ವೆಲ್. ಈ ಪ್ರಯತ್ನವನ್ನು ಯಾಕುಟ್ಸ್ಕ್‌ನಲ್ಲಿ ಸುಮಾರು 200 ವರ್ಷಗಳ ಹಿಂದೆಯೇ ಮಾಡಿದ್ದಾರೆ. ಫ್ಯೋದರ್ ಶೆರ್ಗಿನ್ ಎಂಬ ವ್ಯಾಪಾರಿ 1828ರಲ್ಲಿ ಬಾವಿ ತೋಡಿಸಲು ಶುರು ಮಾಡಿದ. ನದಿಯಿಂದ ನೀರು ಹೊರುವುದು ತಪ್ಪಲಿ ಎಂದು. ಹತ್ತು ಮೀಟರ್, ಇಪ್ಪತ್ತು ಮೀಟರ್, ನೀರಿಲ್ಲ. ಹೆಪ್ಪುಗಟ್ಟಿದ ಮಣ್ಣೇ. ಆತ ಬಿಡಲಿಲ್ಲ. 1837ರ ಹೊತ್ತಿಗೆ ಬಾವಿ 116 ಮೀಟರ್ ಮುಟ್ಟಿತ್ತು. ಆಗಲೂ ಹೆಪ್ಪುನೆಲ ಮುಗಿದಿರಲಿಲ್ಲ. ನೀರು ಇಲ್ಲವೆಂದಲ್ಲ, ಇನ್ನೂ ನೂರಾರು ಮೀಟರ್ ಕೆಳಗಿತ್ತು. 1844ರಲ್ಲಿ ಅಲೆಕ್ಸಾಂಡರ್ ವಾನ್ ಮಿಡ್ಡೆನ್‌ಡಾರ್ಫ್ ಎಂಬ ವಿಜ್ಞಾನಿ ಅಲ್ಲಿಗೆ ಬಂದು, ಬಾವಿಯ ಗೋಡೆಯಲ್ಲಿ ಬೇರೆ ಬೇರೆ ಆಳದಲ್ಲಿ ಉಷ್ಣಮಾಪಕ ಇಟ್ಟು ಅಳೆದ. ನೆಲದ ಅಡಿ ಅಷ್ಟು ಆಳಕ್ಕೆ ಹೆಪ್ಪುಗಟ್ಟಿರುವುದು ಸುಳ್ಳು ಎನ್ನುತ್ತಿದ್ದ ಯುರೋಪಿನ ಪಂಡಿತರು ಆಮೇಲೆ ಒಪ್ಪಿಕೊಳ್ಳಬೇಕಾಯಿತು. ಹೆಪ್ಪುನೆಲದ ವಿಜ್ಞಾನ ಬೆಳೆದದ್ದು ನೀರು ಸಿಗದ ಆ ಬಾವಿಯಿಂದ.

ಇವತ್ತಿಗೂ ಅಲ್ಲಿನ ಎಷ್ಟೋ ಹಳ್ಳಿಗಳಲ್ಲಿ ಕುಡಿಯುವ ನೀರಿನ ವ್ಯವಸ್ಥೆ ಬೇರೆಯೇ. ಚಳಿಗಾಲ ಶುರುವಾಗಿ ಕೆರೆ ಸಾಕಷ್ಟು ದಪ್ಪಗೆ ಗಟ್ಟಿಯಾದಾಗ ಊರವರೆಲ್ಲ ಸೇರಿ ಐಸನ್ನು ಇಟ್ಟಿಗೆಯಂತೆ ಕೊಯ್ಯುತ್ತಾರೆ. ಮನೆಯ ಹೊರಗೆ ಪೇರಿಸಿಡುತ್ತಾರೆ. ಬೇಕಾದಾಗ ಒಂದು ತುಂಡು ಒಳಗೆ ತಂದು ಕರಗಿಸುತ್ತಾರೆ. ಬೇಸಿಗೆಗೆಂದು ಉಳಿಸಿದ್ದನ್ನು ನೆಲಮಾಳಿಗೆಗೆ ಇಳಿಸುತ್ತಾರೆ. ಹೆಪ್ಪುನೆಲದಲ್ಲಿ ತೋಡಿದ ಆ ಮಾಳಿಗೆಗೆ ಕರೆಂಟ್ ಬೇಡ. ಜುಲೈನ ಸೆಕೆಯಲ್ಲೂ ಐಸ್ ಐಸಾಗಿಯೇ ಇರುತ್ತದೆ.

ಶೆರ್ಗಿನ್ ಬಾವಿ ಈಗಲೂ ಯಾಕುಟ್ಸ್ಕ್‌ನಲ್ಲಿದೆ. ಮೇಲೆ ಮರದ ದಿಮ್ಮಿಗಳ ಸಣ್ಣ ಮನೆ ಕಟ್ಟಿ ಕಾಪಾಡಿದ್ದಾರೆ. ಹೆಪ್ಪುನೆಲ ಎಷ್ಟು ಬೆಚ್ಚಗಾಗುತ್ತಿದೆ ಎಂದು ತಿಳಿಯಲು ಊರಿನ ಮೆಲ್ನಿಕೋವ್ ಸಂಸ್ಥೆಯ ವಿಜ್ಞಾನಿಗಳು ಅದರೊಳಗೂ ಉಷ್ಣಮಾಪಕ ಇಳಿಸಿ ನೋಡಿದ್ದಾರೆ.